ಬಾರಿನ ಬಾಗಿಲಿಂದ ಓಣಿಯ ತನಕ: ಕಲಬುರಗಿಯಲ್ಲಿ ಒಂದು ತಕರಾರು ಅರ್ಜಿ ನಡೆಯುವ ದಾರಿ

ಅಬಕಾರಿ ಕಚೇರಿಯಲ್ಲಿ ಅರ್ಜಿ ಚಾಚಿದ ಕೂಡಲೇ ಮೇಜಿನ ಆಚೆಯವರು ಕೇಳುವ ಮೊದಲ ಮಾತು, "ಯಾವ ಲೈಸೆನ್ಸ್ ಅದರೀ ಅದು?" "ಬಾರ್ ಅದರೀ" ಎಂದರೆ ಅರ್ಜಿ ಅಲ್ಲೇ ಮುಗ್ಗರಿಸಿತು. ಕಲಬುರಗಿಯ ರಿಂಗ್ ರೋಡಿನ ಒಳಗಿನ ಒಂದು ಬಡಾವಣೆಯ ನಿವಾಸಿಗಳ ಪರವಾಗಿ, ಬಾರಿನಿಂದಾಗುವ ತೊಂದರೆ ನಿಲ್ಲಿಸಿ ಎಂಬ ಇಂಥ ಅರ್ಜಿ ಹಿಡಿದು ಅಬಕಾರಿ, ಪೊಲೀಸ್, ಪಾಲಿಕೆ, ದಂಡಾಧಿಕಾರಿ ಕಚೇರಿ ಸುತ್ತಿದ ಮೇಲೆ ಕೆಲಸಕ್ಕೆ ಬಂದದ್ದೇನು, ಬಾರದ್ದೇನು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಬಾರ್ ನಡೆಸುವವರಿಗೂ ಇದರಲ್ಲಿ ಅರ್ಧ ಪಾಲು ಉಪಯೋಗವಿದೆ. ತೊಂದರೆ ನಿಲ್ಲಿಸುವ ಕೆಲಸದ ಬಹುಭಾಗ ಅವರ ಬಾಗಿಲಲ್ಲೇ ಆಗುವಂಥದ್ದು.

ಮೊದಲು ಲೈಸೆನ್ಸ್. ಅದರ ಒಂದೊಂದು ವರ್ಗಕ್ಕೂ "ಸಿಎಲ್" ಎಂದು ಶುರುವಾಗುವ ಒಂದು ಸಂಖ್ಯೆ ಇದೆ. ಮಂದಿ ಎಂಆರ್‌ಪಿ ಅಥವಾ ವೈನ್ ಶಾಪ್ ಎನ್ನುವುದು ಸಿಎಲ್-2. ಸೀಲ್ ಮಾಡಿದ ಬಾಟಲಿ, ಪ್ಯಾಕೆಟ್ ಕೊಟ್ಟು ಕಳಿಸುವುದಷ್ಟೇ ಅದರ ಕೆಲಸ. ಅಲ್ಲಿ ನಿಂತು ಕುಡಿಯಲು ಬಿಡುವಂತಿಲ್ಲ. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಮಳಿಗೆಯದು ಸಿಎಲ್-11ಸಿ, ಅದಕ್ಕೂ ಇದೇ ಕಟ್ಟು. ಸಿಎಲ್-9 ಎಂದರೆ ಬಾರ್ ಆಂಡ್ ರೆಸ್ಟೋರೆಂಟ್. ಅಲ್ಲಿ ಒಳಗೆ ಕೂರಿಸಿ ಬಡಿಸಬೇಕು, ಬಾಟಲಿಯನ್ನು ಪಾರ್ಸಲ್ ಕೊಡುವಂತಿಲ್ಲ. ಸಿಎಲ್-7 ವಸತಿ ಇರುವ ಹೋಟೆಲಿಗೆ, ಸಿಎಲ್-4 ಕ್ಲಬ್ಬಿಗೆ. ಹೀಗಾಗಿ ಒಂದೇ ದೃಶ್ಯ ಎರಡು ಬೇರೆ ಉಲ್ಲಂಘನೆಯಾಗುತ್ತದೆ. ಕಟ್ಟೆಯ ಮೇಲೆ ನಾಲ್ಕು ಮಂದಿ ಕುಡಿಯುತ್ತಿದ್ದಾರೆ ಎಂದುಕೊಳ್ಳಿ. ಬಾಟಲಿ ಸಿಎಲ್-2ರಿಂದ ಬಂದದ್ದಾದರೆ ಅಂಗಡಿಯ ಮುಂದೆ ಕುಡಿಯಲು ಬಿಟ್ಟದ್ದು ತಪ್ಪು. ಸಿಎಲ್-9ರಿಂದ ಬಂದದ್ದಾದರೆ ಬಾಟಲಿ ಹೊರಗೆ ಬಿಟ್ಟದ್ದೇ ತಪ್ಪು. ಇಷ್ಟು ತಿಳಿದು ಹೋದರೆ ಎದುರಿನವರು ಕುರ್ಚಿ ತೋರಿಸುತ್ತಾರೆ.

ಅಂಗಡಿ ತೆರೆಯುವ, ಮುಚ್ಚುವ ಹೊತ್ತೂ ಲೈಸೆನ್ಸಿನ ವರ್ಗದ ಮೇಲೆ ನಿಂತಿದೆ. ಸಿಎಲ್-9ಕ್ಕಿಂತ ಸಿಎಲ್-2 ಮುಂಚೆ ಮುಚ್ಚಬೇಕು. ಸರ್ಕಾರ ಈ ಸಮಯವನ್ನು ಆಗಾಗ ತಿದ್ದುತ್ತದೆ, ಬೆಂಗಳೂರಿಗೆ ಒಂದು, ಉಳಿದ ಊರಿಗೆ ಇನ್ನೊಂದು ಎಂದೂ ಮಾಡುತ್ತದೆ. ಹಾಗಾಗಿ ವಾಟ್ಸಾಪಿನಲ್ಲಿ ಬಂದ ಸಮಯ ನಂಬಿ ಅರ್ಜಿ ಬರೆಯಬಾರದು. ಚಾಲ್ತಿಯಲ್ಲಿರುವ ಆದೇಶದ ಪ್ರತಿಯನ್ನು ಅಬಕಾರಿ ಉಪ ಆಯುಕ್ತರ ಕಚೇರಿಯಿಂದಲೇ ತೆಗೆದುಕೊಳ್ಳಬೇಕು.

ಕೇಳಿದರೆ ಕೊಡುವುದಿಲ್ಲ ಎಂದಾದರೆ ಮಾಹಿತಿ ಹಕ್ಕು ಇದೆ. ನಮೂನೆ-ಎ, ₹10 ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. ಕರ್ನಾಟಕದ ನಿಯಮ ಹೀಗಿದೆ. ಇಲ್ಲೇ ಬಹಳ ಅರ್ಜಿ ಬೀಳುತ್ತವೆ. ಲೈಸೆನ್ಸ್ ಪ್ರತಿ, ನಕ್ಷೆ, ಹಿಂದಿನ ದೂರುಗಳು, ಪಾಲಿಕೆಯ ಪರವಾನಗಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ "ಒಂದಕ್ಕಿಂತ ಹೆಚ್ಚು ವಿಷಯ" ಎಂದು ಹಿಂಬರಹ ಬರುತ್ತದೆ. ಒಂದು ಅರ್ಜಿಯಲ್ಲಿ ಲೈಸೆನ್ಸ್ ಪ್ರತಿ ಮತ್ತು ಅದಕ್ಕೆ ಲಗತ್ತಾದ ಚೆಕ್‌ಬಂದಿ ನಕ್ಷೆ ಮಾತ್ರ ಕೇಳಿ. ಆ ನಕ್ಷೆಯೇ ಬಂಗಾರ. ಲೈಸೆನ್ಸ್ ಕೊಟ್ಟಿರುವುದು ಯಾವ ನಾಲ್ಕು ಗೋಡೆಯ ನಡುವಿನ ಜಾಗಕ್ಕೆ ಎಂದು ಅದರಲ್ಲಿ ಗೆರೆ ಎಳೆದಿರುತ್ತದೆ. ಮುಂದಿನ ತಗಡಿನ ಶೆಡ್ಡು, ಹಿಂದಿನ ಖಾಲಿ ಪ್ಲಾಟು, ಮಾಳಿಗೆಯ ಮೇಲಿನ ಟೇಬಲ್ಲು ಆ ಗೆರೆಯ ಹೊರಗಿದ್ದರೆ ಅಲ್ಲಿ ಬಡಿಸುವುದೇ ಉಲ್ಲಂಘನೆ. ಗದ್ದಲ ಎಷ್ಟು, ಯಾರು ಬೈದರು ಎಂಬ ವಾದವೇ ಬೇಕಾಗುವುದಿಲ್ಲ. ಮಾಹಿತಿಗೆ 30 ದಿನದ ಗಡುವು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

100 ಮೀಟರ್ ಅಳೆಯುವುದು ಹೇಗೆ

ಗುಡಿ, ಮಸೀದಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂಬುದು ಎಲ್ಲರ ಬಾಯಲ್ಲೂ ಇದೆ. ಅದು ಇರುವುದು ಕರ್ನಾಟಕ ಅಬಕಾರಿ ಲೈಸೆನ್ಸ್‌ಗಳ ಸಾಮಾನ್ಯ ಷರತ್ತುಗಳ ನಿಯಮಗಳು, 1967ರ 5ನೇ ನಿಯಮದಲ್ಲಿ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ವಸತಿ ಪ್ರದೇಶದಲ್ಲೂ ಲೈಸೆನ್ಸ್ ಕೊಡುವಂತಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಅದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಅಳತೆ ಗಾಳಿಯಲ್ಲಿ ಎಳೆದ ನೇರ ಗೆರೆಯಲ್ಲ. ಅಂಗಡಿಯ ಬಾಗಿಲಿನ ನಡುಮಧ್ಯದಿಂದ ಶುರು ಮಾಡಿ, ಕಾಲ್ನಡಿಗೆಯವರು ಸಾಮಾನ್ಯವಾಗಿ ಹೋಗುವ ಹತ್ತಿರದ ದಾರಿ ಹಿಡಿದು, ಸಂಸ್ಥೆಯ ಹತ್ತಿರದ ಗೇಟಿನ ನಡುಮಧ್ಯದ ತನಕ ಅಳೆಯಬೇಕು. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಹತ್ತಿರದ ಬಾಗಿಲ ತನಕ. ಮೊಬೈಲ್ ನಕ್ಷೆಯಲ್ಲಿ 70 ಮೀಟರ್ ತೋರಿದ್ದು ನಡೆದು ಅಳೆದಾಗ 118 ಆಗಬಹುದು. ಎದುರು ಪಾರ್ಟಿಯ ವಕೀಲರಿಗೆ ಬೇಕಾದದ್ದೂ ಅದೇ. 30 ಮೀಟರಿನ ಟೇಪು, ಇಬ್ಬರು, ಸೀಮೆಸುಣ್ಣ ಸಾಕು. ಪ್ರತಿ 30 ಮೀಟರಿಗೆ ಗುರುತು ಹಾಕಿ, ಗುರುತಿನ ಬಳಿ ಜೆಸ್ಕಾಂನ ವಿದ್ಯುತ್ ಕಂಬ ಇದ್ದರೆ ಅದರ ಸಂಖ್ಯೆ ಬರೆದುಕೊಳ್ಳಿ. ರಸ್ತೆಯ ನಡುವೆ ಡಿವೈಡರ್ ಇದ್ದರೆ ಜಗಳ ಅಲ್ಲೇ ಹುಟ್ಟುತ್ತದೆ. ಮಂದಿ ಡಿವೈಡರ್ ಹಾರಿ ಹೋಗುತ್ತಾರೆ, ಅಂಗಡಿಯವರು ಮುಂದಿನ ತಿರುವು ಸುತ್ತಿಸಿ ಅಳೆಯುತ್ತಾರೆ. ಅಲ್ಲಿ ಪಾದಚಾರಿಗಳಿಗಾಗಿ ಬಿಟ್ಟ ಸಂದು ಇದ್ದರೆ ಅದರ ಫೋಟೊ ಹಾಕಿಡಿ.

ಇನ್ನೊಂದು ಆಟವೂ ನಡೆಯುತ್ತದೆ. ಶಾಲೆಗೆ ಹತ್ತಿರವಿರುವ ಬಾಗಿಲಿಗೆ ಶಟರ್ ಎಳೆದು ಪಕ್ಕದ ಸಂದಿಗೆ ಹೊಸ ಬಾಗಿಲು ಒಡೆಯುತ್ತಾರೆ. ಕಾಗದದ ಮೇಲೆ ದೂರ ಹೆಚ್ಚುತ್ತದೆ, ವ್ಯಾಪಾರ ಮಾತ್ರ ಹಳೆ ಶಟರಿನ ಕೆಳಗಿಂದಲೇ. ಚೆಕ್‌ಬಂದಿ ನಕ್ಷೆಯಲ್ಲಿ ಯಾವ ಬಾಗಿಲು ಇದೆ ಎಂದು ನೋಡಿದರೆ ಇದು ಬಯಲಾಗುತ್ತದೆ. ಶಾಲೆ ಮೊದಲೋ ಅಂಗಡಿ ಮೊದಲೋ ಎಂದೂ ಕೇಳುತ್ತಾರೆ. ಶಾಲೆಯ ಮಾನ್ಯತೆ ಪತ್ರ, ಗುಡಿಯ ಅಥವಾ ಮಸೀದಿಯ ನೋಂದಣಿ ಕಾಗದ ಕೈಯಲ್ಲಿರಲಿ.

ಹೆದ್ದಾರಿಯ ವಿಷಯದಲ್ಲಿ ಗೊಂದಲ ಹೆಚ್ಚು. ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರ್ ಎಂದಿತು. 2017ರ ಮಾರ್ಚಿನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷದ ಜುಲೈಯಲ್ಲಿ, ಪುರಸಭೆ ಅಥವಾ ಪಾಲಿಕೆ ಗಡಿಯ ಒಳಗಿನ ಲೈಸೆನ್ಸ್ ಅಂಗಡಿಗಳಿಗೆ ಈ ನಿಷೇಧ ಅಡ್ಡಬರುವುದಿಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಕಲಬುರಗಿ ಊರೊಳಗಿನ ಬಾರಿನ ಮೇಲೆ ಹೆದ್ದಾರಿ ತೀರ್ಪು ತೋರಿಸಿ ಹೋರಾಡುವುದು ಹೊತ್ತು ಕಳೆಯುವ ಕೆಲಸ. ಹುಮನಾಬಾದ್ ಆಚೆ ಊರ ಹೊರಗೆ 65ನೇ ಹೆದ್ದಾರಿಯ ಬದಿಗೆ, ಅಥವಾ ಯಾದಗಿರಿ ಕಡೆ ಹಳ್ಳಿಯ ಅಂಚಿಗೆ ಇದ್ದರೆ ಆ ಮಾತು ಬೇರೆ.

ನೋಟ್‌ಬುಕ್ಕು

ಅರ್ಜಿಗಿಂತ ಮೊದಲು ಬೇಕಾದದ್ದು ಒಂದು ನೋಟ್‌ಬುಕ್ಕು. ಎರಡು ವಾರ ಬಿಡದೆ ಬರೆದರೆ ಸಾಕು, ಆದರೆ ಆ ಎರಡು ವಾರದಲ್ಲಿ ತಿಂಗಳ ಮೊದಲ ವಾರ ಸೇರಿರಬೇಕು. ಪಗಾರ ಬಂದ ವಾರಕ್ಕೂ ತಿಂಗಳ ಕೊನೆಗೂ ವ್ಯಾಪಾರದಲ್ಲಿ ಬಹಳ ಅಂತರವಿದೆ. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ಜಾಗ, ಏನಾಯಿತು, ಯಾರಿಗೆ ತಿಳಿಸಿದಿರಿ, ಏನು ಉತ್ತರ ಬಂತು. ಜಾಗಕ್ಕೆ "ಬಾರ್ ಹತ್ತಿರ" ಎಂದು ಬರೆದರೆ ಉಪಯೋಗವಿಲ್ಲ. ಕಂಬದ ಸಂಖ್ಯೆ ಬರೆಯಿರಿ. 112ಕ್ಕೆ ಫೋನ್ ಮಾಡಿದ್ದರೆ ಆ ಕರೆಯ ಸಂಖ್ಯೆ ಕೇಳಿ ಪಕ್ಕದಲ್ಲಿ ಬರೆಯಬೇಕು. ಠಾಣೆಯಲ್ಲಿ "ನಮಗೆ ಯಾವ ದೂರೂ ಬಂದಿಲ್ಲ" ಎಂಬ ಮಾತಿಗೆ ಇದೊಂದೇ ಉತ್ತರ.

ಹೀಗೆ ಬರೆದಾಗ ಒಂದು ವಿಷಯ ತಾನಾಗಿ ಎದ್ದು ಕಾಣುತ್ತದೆ. "ದಿನಾ ರಾತ್ರಿಯೆಲ್ಲ ಗಲಾಟೆ" ಎಂದು ಓಣಿಯವರೆಲ್ಲ ಹೇಳುವುದು ಪುಸ್ತಕದಲ್ಲಿ ಬೇರೆ ರೂಪ ತಾಳುತ್ತದೆ: ಮುಚ್ಚುವ ಮುಂಚಿನ ಅರ್ಧ ಗಂಟೆ, ಮುಚ್ಚಿದ ಮೇಲಿನ ಮುಕ್ಕಾಲು ಗಂಟೆ, ಮತ್ತು ಎರಡು ಮೂರು ಜಾಗ. ಸಂದಿಯ ಬಾಯಿ, ಪಾನ್ ಅಂಗಡಿಯ ಮುಂದು, ಬೈಕು ನಿಲ್ಲಿಸುವ ಖಾಲಿ ಸೈಟು. ಪರಿಹಾರ ಬೇಕಾಗಿರುವುದು ಆ ಜಾಗಕ್ಕೆ, ಆ ಹೊತ್ತಿಗೆ.

ಫೋಟೊಗೆ ದಿನಾಂಕ, ಜಾಗ ಮೂಡುವ ಕ್ಯಾಮೆರಾ ಆಪ್ ಬಳಸಬಹುದು. ಆದರೆ ಮೂಲ ಫೈಲು ತೆಗೆದ ಫೋನಿನಲ್ಲೇ ಉಳಿಯಬೇಕು. ವಾಟ್ಸಾಪಿನಲ್ಲಿ ಹತ್ತು ಕಡೆ ತಿರುಗಿದ ಪ್ರತಿಗೆ ತೂಕ ಕಡಿಮೆ. ವಿಚಾರಣೆಯಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೇಳಿದಾಗ ಆ ಫೋನಿನ ಮಾಲೀಕರೇ ಸಹಿ ಮಾಡಬೇಕಾಗುತ್ತದೆ. ಕುಡಿದವರ ಮುಖಕ್ಕೆ ಫೋನ್ ಹಿಡಿಯುವುದು ಹೊಡೆದಾಟಕ್ಕೆ ಆಹ್ವಾನ. ಮಾಳಿಗೆಯಿಂದ ಜಾಗ ಕಾಣುವಂತೆ ತೆಗೆಯಿರಿ. ಬಾರಿನ ಒಳಗೆ ಹೋಗಿ ಗಿರಾಕಿಗಳನ್ನು ಚಿತ್ರೀಕರಿಸಬೇಡಿ. ಮರುದಿನ ತಕರಾರು ನಿಮ್ಮ ಮೇಲೆಯೇ ಬರುತ್ತದೆ.

ಒಂದು ತೊಂದರೆಗೆ ಒಂದು ಕಾಗದ

"ಸದರಿ ಬಾರನ್ನು ಕೂಡಲೇ ಮುಚ್ಚಿಸಬೇಕು" ಎಂಬ ಸಾಲಿನಿಂದ ಮುಗಿಯುವ ಅರ್ಜಿಗಳು ಕಡತದಲ್ಲೇ ಮಲಗುತ್ತವೆ. ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡಲು ಕರ್ನಾಟಕ ಅಬಕಾರಿ ಕಾಯ್ದೆ, 1965ರ 29ನೇ ಕಲಮಿನಲ್ಲಿ ದಾರಿ ಇದೆ. ಅದಕ್ಕೆ ಷರತ್ತು ಮುರಿದ ದಾಖಲೆ ಬೇಕು, ನೋಟಿಸು, ವಿಚಾರಣೆ ಆಗಬೇಕು. ಬರಿ ಸಿಟ್ಟಿನ ಮೇಲೆ ಆದೇಶ ಮಾಡಿದ ಅಧಿಕಾರಿಯ ಆದೇಶ ಮೇಲ್ಮನವಿಯಲ್ಲಿ ಬೀಳುತ್ತದೆ, ಅದು ಅವರಿಗೂ ಗೊತ್ತು. ಆದ್ದರಿಂದ ಸಣ್ಣದನ್ನು, ಆಗುವಂಥದ್ದನ್ನು, ಅಳೆಯಬಹುದಾದದ್ದನ್ನು ಕೇಳಬೇಕು. ನಮ್ಮ ಅನುಭವದಲ್ಲಿ ಉತ್ತರ ಬಂದದ್ದು ಇಂಥ ಸಾಲಿಗೆ: "ಲೈಸೆನ್ಸ್ ನಕ್ಷೆಯ ಹೊರಗಿರುವ ಪೂರ್ವ ದಿಕ್ಕಿನ ಶೆಡ್ಡಿನಲ್ಲಿ ಮದ್ಯ ಬಡಿಸುವುದನ್ನು ನಿಲ್ಲಿಸಿ, ಸ್ಥಳ ಪರಿಶೀಲನೆಯ ಮಹಜರಿನ ಪ್ರತಿ ಕೊಡಬೇಕು."

ಬಯಲಲ್ಲಿ ಕುಡಿಯುವುದು ಅಬಕಾರಿಗೂ ಪೊಲೀಸರಿಗೂ ಸೇರಿದ್ದು. ಅಬಕಾರಿ ಕಾಯ್ದೆಯ 15-ಎ ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು ನಿಷೇಧಿಸುತ್ತದೆ. ಜಾಗ ಕೊಟ್ಟು ಕುಡಿಸುವವರ ಮೇಲೆ 15-ಎ ಜೊತೆಗೆ 32(3) ಹಾಕಿ ಪ್ರಕರಣ ಮಾಡುತ್ತಾರೆ. ಬೀದರ್ ಜಿಲ್ಲೆಯ ಹೆದ್ದಾರಿ ಧಾಬಾಗಳ ಮೇಲೆ ದಾಳಿಯಾದಾಗ ಪತ್ರಿಕೆಯಲ್ಲಿ ಬರುವ ಕಲಮುಗಳೂ ಇವೇ. ಕುಡಿದು ಬೀದಿಯಲ್ಲಿ ರಂಪ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮು: 24 ಗಂಟೆಯವರೆಗೆ ಸಾದಾ ಸಜೆ, ಅಥವಾ ₹1,000ದವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ದಾರಿಗೆ ಅಡ್ಡಲಾಗಿ ಟೇಬಲ್ಲು, ಕ್ರೇಟು, ತಂದೂರು ಭಟ್ಟಿ ಇಟ್ಟರೆ 285ನೇ ಕಲಮು, ₹5,000ದವರೆಗೆ ದಂಡ. ಅಬಕಾರಿ ಲೈಸೆನ್ಸಿನ ಸಾಮಾನ್ಯ ಷರತ್ತಿನ ಪ್ರಕಾರ 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಕೋಚಿಂಗ್ ಸೆಂಟರು, ಹಾಸ್ಟೆಲು ಹತ್ತಿರವಿರುವ ಕಡೆ ಇದನ್ನು ಬೇರೆ ಕಾಗದದಲ್ಲೇ ಬರೆಯಬೇಕು.

ಹೊಗೆ, ಜಿಡ್ಡು, ಕಸ ಪಾಲಿಕೆಯ ಆರೋಗ್ಯ ವಿಭಾಗಕ್ಕೆ. ಉದ್ದಿಮೆ ಪರವಾನಗಿ ಕೊಡುವುದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 353ನೇ ಕಲಮಿನಡಿ. ಅಡಿಗೆಮನೆಯ ಕೊಳಕು ಆಹಾರ ಸುರಕ್ಷತಾ ಅಧಿಕಾರಿಗೆ.

ಎಲ್ಲದಕ್ಕೂ ಇನ್‌ವರ್ಡ್ ಸಂಖ್ಯೆ, ದಿನಾಂಕ, ಮುದ್ರೆ ಇರುವ ಸ್ವೀಕೃತಿ ಪಡೆಯಿರಿ. ಹೆಸರು, ಸಹಿ ಇಲ್ಲದ ಮೂಕರ್ಜಿಗೆ ಬೆಲೆಯಿಲ್ಲ. ಹೆಸರು ಹಾಕಲು ಭಯ ಎನ್ನುವವರಿಗೆ ಒಂದು ಉಪಾಯವಿದೆ. ನೋಂದಾಯಿತ ನಿವಾಸಿಗಳ ಸಂಘದ ಲೆಟರ್‌ಹೆಡ್ ಮೇಲೆ ಪದಾಧಿಕಾರಿಗಳು ಸಹಿ ಹಾಕಿ, ಉಳಿದವರ ಸಹಿಗಳನ್ನು ಲಗತ್ತಾಗಿ ಕೊಡಬಹುದು. ಪಕ್ಕದ ಕಿರಾಣಿಯವರು, ಔಷಧಿ ಅಂಗಡಿಯವರು ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತದೆ. ವ್ಯಾಪಾರಸ್ಥರೂ ಬೇಸತ್ತಿದ್ದಾರೆ ಎಂದರೆ ಅದು ಮನೆಯವರ ವೈಯಕ್ತಿಕ ದ್ವೇಷ ಎಂದು ತಳ್ಳಿಹಾಕಲು ಬರುವುದಿಲ್ಲ.

ಪ್ಲಾಸ್ಟಿಕ್ ಗ್ಲಾಸು

ಸಿಎಲ್-2 ಅಂಗಡಿಯ ಮುಂದೆ ರಸ್ತೆಯೇ ಬಾರ್ ಆಗುವುದು ಹೇಗೆ ಎಂದು ಒಂದು ಸಂಜೆ ನಿಂತು ನೋಡಿದರೆ ತಿಳಿಯುತ್ತದೆ. ಬಾಟಲಿ ಅಂಗಡಿಯದು. ಗ್ಲಾಸು, ನೀರಿನ ಪೌಚು, ಚುಡವಾ, ಮಿರ್ಚಿ ಪಕ್ಕದ ಡಬ್ಬಾ ಅಂಗಡಿಯದು ಅಥವಾ ಬಂಡಿಯದು. ಗ್ಲಾಸು ಸಿಗದಿದ್ದರೆ ಕ್ವಾರ್ಟರ್ ಕೊಂಡವರಲ್ಲಿ ಬಹಳ ಮಂದಿ ಅಲ್ಲಿ ನಿಲ್ಲುವುದಿಲ್ಲ. ಬಿಸಾಡುವ ಪ್ಲಾಸ್ಟಿಕ್ ಗ್ಲಾಸು ಕರ್ನಾಟಕದಲ್ಲಿ 2016ರಿಂದಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷಿದ್ಧ. ಅದನ್ನು ಜಪ್ತಿ ಮಾಡಲು ಅಬಕಾರಿಯವರು ಬರಬೇಕಾಗಿಲ್ಲ, ಪಾಲಿಕೆಯ ಆರೋಗ್ಯ ನಿರೀಕ್ಷಕರು ಸಾಕು. ಬಯಲು ಕುಡಿತದ ಮೇಲೆ ಎಷ್ಟೋ ದೂರು ಕೊಟ್ಟರೂ ಆಗದ್ದು ಗ್ಲಾಸಿನ ಮೇಲೆ ಕೊಟ್ಟ ದೂರಿನಿಂದ ಆಗುತ್ತದೆ. ಕಾಗದದ ಗ್ಲಾಸು ತಂದಿಟ್ಟರೆ ಈ ದಾರಿ ಮುಚ್ಚುತ್ತದೆ ನಿಜ. ಆದರೆ ಅದು ತುಟ್ಟಿ, ಬೇಗ ಮೆತ್ತಗಾಗುತ್ತದೆ, ಮೊದಲಿನಷ್ಟು ಓಡುವುದಿಲ್ಲ.

ಬಂಡಿಯವರನ್ನು ಎಬ್ಬಿಸಿ ಓಡಿಸಬೇಕು ಎಂಬ ಮಾತು ಸಭೆಯಲ್ಲಿ ತಪ್ಪದೆ ಬರುತ್ತದೆ. ನಮ್ಮ ಅಭಿಪ್ರಾಯ ಬೇರೆ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ, ಹೊಟ್ಟೆಪಾಡೂ ಇದೆ. ಬಂಡಿ ಐವತ್ತು ಮೀಟರ್ ಆಚೆ, ಬೆಳಕಿರುವ ಕಡೆ ಸರಿದು, ಗ್ಲಾಸು ಇಡದಿದ್ದರೆ ಸಾಕು. ಓಡಿಸಿದರೆ ಹೊಸಬರು ಬರುತ್ತಾರೆ, ಅವರಿಗೆ ಮತ್ತೆ ಮೊದಲಿಂದ ಹೇಳಬೇಕು.

ಮೂತ್ರ ಮಾಡುವ ಗೋಡೆಗೆ ದೇವರ ಟೈಲ್ಸ್ ಅಂಟಿಸುವುದು ಎಲ್ಲ ಊರಿನ ಮೊದಲ ಉಪಾಯ. ಮಂದಿ ಹತ್ತಡಿ ಆಚೆ ಸರಿಯುತ್ತಾರೆ, ಅಷ್ಟೇ. ಬೆಳಕು ಕೆಲಸ ಮಾಡುತ್ತದೆ. ಸಂದಿಯ ಎರಡೂ ತುದಿಗೆ 20 ರಿಂದ 30 ವ್ಯಾಟಿನ ಎಲ್‌ಇಡಿ, ಕಿಟಕಿಗಳಿಗೆ ಹೊಡೆಯದಂತೆ ಕೆಳಮುಖವಾಗಿ. ಒಂದೇ ತುದಿಗೆ ಹಾಕಿದರೆ ನಡುವೆ ನೆರಳು ಉಳಿಯುತ್ತದೆ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಸಿಎಲ್-9ರಲ್ಲಿ ಒಳಗಿನ ಮೂತ್ರಿಯ ಲೆಕ್ಕ ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ರೆಸ್ಟೋರೆಂಟಿಗೆ 50 ಗಂಡಸರಿಗೆ ಒಂದು. ಬಿಯರ್ ಓಡುವ ಜಾಗಕ್ಕೆ ಅದು ಸಾಲದು. ಅದೂ ಬಾಗಿಲ ಹಿಂದೆ ಖಾಲಿ ಕ್ರೇಟು ಪೇರಿಸಿ ಬಂದ್ ಆಗಿದ್ದರೆ ಗಿರಾಕಿ ಗೋಡೆ ಹುಡುಕದೆ ಏನು ಮಾಡಿಯಾನು?

ಗದ್ದಲ ಮತ್ತು ಮೀಟರು

ಕಲಬುರಗಿಯ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಂದಿ ಮಾಳಿಗೆಯ ಮೇಲೆ ಮಲಗುತ್ತಾರೆ. ಗೋಡೆ, ಕಿಟಕಿ ಯಾವುದೂ ಅಡ್ಡವಿಲ್ಲ. ಉಳಿದ ದಿನಗಳಲ್ಲಿ ಸಹಿಸಿಕೊಂಡ ಸ್ಪೀಕರು ಆಗ ತಲೆದಿಂಬಿನ ಪಕ್ಕಕ್ಕೇ ಬರುತ್ತದೆ.

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗಿನ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್; ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55; ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದ್ದರೆ 7ನೇ ನಿಯಮದಡಿ ದೂರು ಕೊಡಬಹುದು. ಅಂದರೆ ಮನೆಗಳಿರುವ ಓಣಿಯಲ್ಲಿ ರಾತ್ರಿ 55 ಮುಟ್ಟಿದರೆ ದೂರಿಗೆ ಆಧಾರ ಸಿಕ್ಕಿತು. ಇದಕ್ಕಿಂತ ಸುಲಭವಾದದ್ದು 5ನೇ ನಿಯಮ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ಮೇಲೆ ಮುಚ್ಚಿದ ಸಭಾಂಗಣದ ಒಳಗಿನ ಬಳಕೆ ಬಿಟ್ಟರೆ ಹಾಕುವಂತೆಯೇ ಇಲ್ಲ. ತಗಡಿನ ಸೂರು ಹೊದಿಸಿ ಸುತ್ತ ತೆರೆದ ಮಾಳಿಗೆ ರೆಸ್ಟೋರೆಂಟನ್ನು "ಮುಚ್ಚಿದ ಜಾಗ" ಎನ್ನಲು ಬರುವುದಿಲ್ಲ. ಅಲ್ಲಿ ಡೆಸಿಬಲ್ ಅಳೆಯುವ ಗೊಡವೆಯೇ ಬೇಡ, ಗಡಿಯಾರ ಸಾಕು.

ಅಳೆಯಲೇಬೇಕಾದಲ್ಲಿ ಮೊಬೈಲ್ ಆಪ್ ಸೂಚನೆಗೆ ಮಾತ್ರ; ಅಧಿಕೃತ ಅಳತೆ ಪೊಲೀಸರ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಮೀಟರಿನದು. ಹಾಡು ಇರುವಾಗ ಒಮ್ಮೆ, ಹಾಡು ನಿಂತ ಮೇಲೆ ಒಮ್ಮೆ, ಅದೇ ಜಾಗದಲ್ಲಿ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರಕ್ಕೆ ಹಿಡಿದು ಅಳೆಯಿರಿ. ರಸ್ತೆಯ ಸದ್ದೇ 50 ಇದ್ದು ಹಾಡಿಗೆ 52 ಆಗಿದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ.

ಮೀಟರಿಗೆ ಸಿಗದ ಸದ್ದೂ ಒಂದಿದೆ, ಬೇಸ್. ಡೆಸಿಬಲ್-ಎ ಮಾಪನ ಕೆಳಸ್ವರವನ್ನು ಬಹಳ ಕಡಿಮೆ ಮಾಡಿ ತೋರಿಸುತ್ತದೆ. ಆದರೆ ಗೋಡೆ ದಾಟಿ ಬಂದು ಎದೆಗೆ ಗುದ್ದುವುದು ಅದೇ. "ಮೀಟರಿನಾಗ ಏನೂ ಇಲ್ಲಲ್ರೀ" ಎಂದು ಮಾಲೀಕರು ಹೇಳುವುದೂ ಸುಳ್ಳಲ್ಲ, ನಿದ್ದೆ ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುವುದೂ ಸುಳ್ಳಲ್ಲ. ಇಲ್ಲಿ ಕಾನೂನಿಗಿಂತ ಮಿಸ್ತ್ರಿ ಉಪಯೋಗಕ್ಕೆ ಬರುತ್ತಾನೆ. ಬೇಸ್ ಹೊರಡಿಸುವ ವೂಫರ್ ಸ್ಪೀಕರನ್ನು ಪಕ್ಕದ ಮನೆಗೆ ಹೊಂದಿದ ಗೋಡೆಯಿಂದ ಬಿಡಿಸಿ ಎದುರು ಬದಿಗೆ ಇಡಬೇಕು, ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಬೇಕು, ಆಂಪ್ಲಿಫೈಯರಿನಲ್ಲಿ ಬೇಸ್ ಇಳಿಸಿ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿ ಮ್ಯಾನೇಜರ್ ಬಳಿ ಬೀಗ ಇಡಬೇಕು. ಬೀಗ ಇಲ್ಲದಿದ್ದರೆ ಶನಿವಾರ ರಾತ್ರಿ ಯಾರಾದರೂ ಗಿರಾಕಿ ಹೇಳಿದ ಎಂದು ಗುಂಡಿ ತಿರುಗಿಸಿಯೇ ತಿರುಗಿಸುತ್ತಾರೆ. ಬೀದಿಗೆ ತೆರೆಯುವ ಬಾಗಿಲಿಗೆ ಇನ್ನೊಂದು ಒಳಬಾಗಿಲು ಇದ್ದು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತಿದ್ದರೆ ಹೊರಬರುವ ಸದ್ದು ಬಹಳ ತಗ್ಗುತ್ತದೆ.

ಜನರೇಟರು ಇನ್ನೊಂದು ತಲೆನೋವು. ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಹೊಗೆಯ ಕೊಳವೆಯ ಎತ್ತರಕ್ಕೆ ಸೂತ್ರವಿದೆ: ಕಟ್ಟಡದ ಎತ್ತರಕ್ಕೆ, ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲದ 0.2 ಪಟ್ಟು ಸೇರಿಸಬೇಕು. 25 ಕೆವಿಎ ಇದ್ದರೆ ಮಾಳಿಗೆಗಿಂತ 1 ಮೀಟರ್ ಮೇಲೆ, 62.5 ಇದ್ದರೆ ಸುಮಾರು 1.6. ನಮ್ಮಲ್ಲಿ ಬಹುತೇಕ ಕಡೆ ಕೊಳವೆ ಆಳೆತ್ತರಕ್ಕೆ ಸಂದಿಗೇ ಬಾಯಿ ತೆರೆದಿರುತ್ತದೆ. ಕವಚದ ಬಾಗಿಲನ್ನು ಬಿಸಿಯಾಗುತ್ತದೆಂದು ತೆರೆದಿಟ್ಟರೆ ಕವಚ ಇದ್ದೂ ಇಲ್ಲದಂತೆ. ಬಿಸಿಗಾಳಿ ಹೊರಹೋಗಲು ಜಾಗ ಬಿಡದೆ ಗೋಡೆಗೆ ಒತ್ತಿ ಕೂರಿಸಿರುವುದೇ ಅದಕ್ಕೆ ಕಾರಣ.

ಹೊಗೆ, ಜಿಡ್ಡು

ಖಾನಾವಳಿಯಾಗಲಿ ಬಾರಾಗಲಿ, ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನು ಗೋಡೆಗೆ ಕೂರಿಸಿ ಸಂದಿಗೆ ಬಿಟ್ಟಿದ್ದರೆ ಎದುರು ಮನೆಯ ಗೋಡೆ ಕರಿ ಹಿಡಿಯುತ್ತದೆ. ಒಲೆಯ ಮೇಲೆ ಹುಡ್, ಅದರಲ್ಲಿ ಜಿಡ್ಡು ಹಿಡಿಯುವ ಬ್ಯಾಫಲ್ ಫಿಲ್ಟರ್, ಅಲ್ಲಿಂದ ನೆಟ್ಟಗೆ ಮೇಲೆ ಹೋಗುವ ಡಕ್ಟು, ಬಾಯಿ ಅಕ್ಕಪಕ್ಕದ ಮಾಳಿಗೆಗಿಂತ ಮೇಲೆ. ಡಕ್ಟು ಅಡ್ಡ ಹೋದಷ್ಟೂ ಜಿಡ್ಡು ಕೂರುತ್ತದೆ, ತಂದೂರಿನ ಕಿಡಿ ಬಿದ್ದರೆ ಬೆಂಕಿ. ಮೇಲೆ ಮಳೆಗೆಂದು ಚಪ್ಪಟೆ ಟೋಪಿ ಹಾಕಿದರೆ ಹೊಗೆ ಬಡಿದು ಕೆಳಗೇ ಇಳಿಯುತ್ತದೆ. ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆಯಬೇಕು. ತೊಳೆದ ನೀರನ್ನು ರಸ್ತೆಗೆ ಚೆಲ್ಲಿದರೆ ಮತ್ತೊಂದು ದೂರು.

ಓಣಿಯ ಒಳಚರಂಡಿ ಮೇಲಿಂದ ಮೇಲೆ ಉಕ್ಕಿದರೆ ಅಡಿಗೆಮನೆಯ ನೀರಿನಿಂದ ಜಿಡ್ಡು ತಡೆಹಿಡಿಯುವ ಗುಂಡಿ ಇದೆಯೇ ನೋಡಿ. ಲೆಕ್ಕ ಸರಳ. ಪಾತ್ರೆ ತೊಳೆಯುವ ಗಡಿಬಿಡಿಯ ಹೊತ್ತಿಗೆ ನಿಮಿಷಕ್ಕೆ 20 ಲೀಟರ್ ನೀರು ಬರುತ್ತದೆ ಎಂದರೆ, ಅದು ಅರ್ಧ ಗಂಟೆ ನಿಲ್ಲುವಷ್ಟು ಜಾಗ ಬೇಕು, 600 ಲೀಟರ್. ಹೊರಹೋಗುವ ಪೈಪು ಮೇಲಿನಿಂದ ಹೊರಟರೆ ತೇಲುವ ಜಿಡ್ಡೇ ಹೋಗುತ್ತದೆ, ಆದ್ದರಿಂದ ಇಂಗ್ಲಿಷಿನ T ಆಕಾರದ ಪೈಪು ಜೋಡಣೆ ಹಾಕಿ ಅದರ ಬಾಯಿ ನೀರಿನೊಳಗೆ ಇಳಿಯಬೇಕು. ಮೇಲಿನ ಜಿಡ್ಡು, ತಳದ ಕೆಸರು ಸೇರಿ ಆಳದ ಕಾಲು ಭಾಗ ತುಂಬಿದಾಗ ತೆಗೆಸಬೇಕು. ಕುದಿನೀರು ಸುರಿದು "ಸ್ವಚ್ಛ ಆತು" ಎನ್ನುವವರಿದ್ದಾರೆ. ಜಿಡ್ಡು ಕರಗಿ ಮುಂದಿನ ಚೇಂಬರಿನಲ್ಲಿ, ನಿಮ್ಮ ಮನೆಯ ಮುಂದೆ, ಗಟ್ಟಿಯಾಗುತ್ತದೆ. ಕರಿದ ಎಣ್ಣೆಗೂ ಮಿತಿಯಿದೆ, ಕಾಯಿಸಿದಷ್ಟೂ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಅಂಶ, ಅಂದರೆ ಒಟ್ಟು ಪೋಲಾರ್ ಅಂಶ, ಶೇ 25 ದಾಟಬಾರದು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ಹಳೆ ಎಣ್ಣೆ ಎಲ್ಲಿಗೆ ಹೋಯಿತೆಂದು ಲೆಕ್ಕ ಇಡಬೇಕು. ಚರಂಡಿಗೆ ಹೋಗುತ್ತಿರುವ ಅನುಮಾನವಿದ್ದರೆ ಆ ಪುಸ್ತಕ ತೋರಿಸಿ ಎನ್ನಬಹುದು.

ಜಂಟಿ ಪರಿಶೀಲನೆ

ಅಬಕಾರಿ, ಪೊಲೀಸ್, ಪಾಲಿಕೆ ಮೂವರನ್ನೂ ಒಂದೇ ಹೊತ್ತಿಗೆ ಸ್ಥಳಕ್ಕೆ ತರುವುದು ಇಡೀ ಕೆಲಸದಲ್ಲಿ ಕಠಿಣವಾದದ್ದು, ಫಲ ಕೊಡುವುದೂ ಅದೇ. ಬೇರೆ ಬೇರೆ ಬಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಜಿಲ್ಲಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ಮೂರೂ ಇಲಾಖೆಯ ಇನ್‌ವರ್ಡ್ ಸಂಖ್ಯೆ ಹಾಕಿ ಜಂಟಿ ಪರಿಶೀಲನೆಯನ್ನೇ ಕೇಳಬೇಕು. ಬೆಳಗ್ಗೆ ಹನ್ನೊಂದಕ್ಕೆ ಬಂದರೆ ತೊಳೆದ ನೆಲ, ಖಾಲಿ ಕುರ್ಚಿ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿರುವ ಹೊತ್ತನ್ನೇ ಅರ್ಜಿಯಲ್ಲಿ ಬರೆಯಿರಿ.

ಮಾಲೀಕರ ಜೊತೆ ಮಾತು ಅದೇ ಹೊತ್ತಿಗೆ ಆಗಲಿ. ಕೇಳಬೇಕಾದದ್ದು ಇಷ್ಟು: ಮುಚ್ಚುವ ಅರ್ಧ ಗಂಟೆ ಮುಂಚೆ ಕೊನೆಯ ಆರ್ಡರ್, ಆಮೇಲೆ ಹಾಡು ಬಂದ್, ಬಾಗಿಲಲ್ಲಿ ಒಬ್ಬ ಕಾವಲಿನವ, ಆಟೋ ನಿಲ್ಲಲು ಓಣಿಯ ಬದಲು ಮುಖ್ಯರಸ್ತೆಯಲ್ಲಿ ಜಾಗ, ಖಾಲಿ ಬಾಟಲಿ ಸುರಿಯುವುದು ರಾತ್ರಿ ಬೇಡ, ಬೆಳಗ್ಗೆ ಎಂಟರ ಮೇಲೆ, ಬಾಗಿಲಿಂದ ಎರಡೂ ಬದಿ 30 ಮೀಟರ್ ಗಾಜು, ಪ್ಯಾಕೆಟ್ ಗುಡಿಸುವುದು. ಕಾವಲಿಗೆ ಮೈಕಟ್ಟಿನ ಬೌನ್ಸರ್ ಇಟ್ಟರೆ ತಳ್ಳಾಟ ಹೆಚ್ಚುತ್ತದೆ. ಅದೇ ಓಣಿಯ, ಹೆಸರು ಹಿಡಿದು ಕರೆಯಬಲ್ಲ ನಡುವಯಸ್ಸಿನವರು "ಏ ತಮ್ಮಾ, ನಡಿ ಮನಿಗಿ" ಎಂದರೆ ಹೋಗುತ್ತಾರೆ. ಒಪ್ಪಿದ್ದನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವುದು ರೂಢಿ, ಅದರಿಂದ ಲೈಸೆನ್ಸಿಗೆ ಏನೂ ಆಗದು. ಜಂಟಿ ಪರಿಶೀಲನೆಯ ಮಹಜರಿನಲ್ಲೇ ಆ ಅಂಶಗಳನ್ನು ಬರೆಸಿ ಮಾಲೀಕರ ಸಹಿ ಹಾಕಿಸಿದರೆ ನವೀಕರಣದ ವೇಳೆ ಅದು ಕಡತದಲ್ಲಿ ಇರುತ್ತದೆ.

ಇದೆಲ್ಲ ಆದ ಮೇಲೂ ನಿಲ್ಲದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133. ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ, ತೊಂದರೆ ತೆಗೆಯಬೇಕು ಇಲ್ಲವೇ ಬಂದು ಕಾರಣ ಹೇಳಬೇಕು ಎಂದು ಷರತ್ತಿನ ಆದೇಶ ಮಾಡುತ್ತಾರೆ. ಎದುರು ಪಕ್ಷ ಬಂದು ಅಲ್ಲಗಳೆದರೆ ಸಾಕ್ಷ್ಯ ನಡೆಯುತ್ತದೆ. ಆ ನಡುವೆ ತುರ್ತು ಇದ್ದರೆ 161ನೇ ಕಲಮಿನಲ್ಲಿ ತಡೆ ಕೇಳಬಹುದು, ಮತ್ತೆ ಮಾಡದಂತೆ 162ರಲ್ಲಿ ನಿರ್ಬಂಧ. ಆ ನಿರ್ಬಂಧ ಮುರಿದರೆ ನ್ಯಾಯ ಸಂಹಿತೆಯ 293ನೇ ಕಲಮು: ಆರು ತಿಂಗಳವರೆಗೆ ಸಜೆ, ಅಥವಾ ₹5,000ದವರೆಗೆ ದಂಡ, ಅಥವಾ ಎರಡೂ. ಕಲಬುರಗಿ ನಗರದಲ್ಲಿ ಪೊಲೀಸ್ ಆಯುಕ್ತಾಲಯ ಇರುವುದರಿಂದ ಅರ್ಜಿಯ ಪ್ರತಿ ಅಲ್ಲಿಗೂ ಹೋಗಲಿ. ಯಾದಗಿರಿಯಲ್ಲಿ ಎಸ್‌ಪಿ ಕಚೇರಿಗೆ. ಇಲ್ಲಿ ಬೀಳುವ ಅರ್ಜಿಗಳ ದೋಷ ಒಂದೇ, ಒಬ್ಬ ಮನೆಯವರ ತೊಂದರೆಯನ್ನು ಸಾರ್ವಜನಿಕ ತೊಂದರೆ ಎಂದು ಬರೆದಿರುತ್ತಾರೆ. ನಿಮ್ಮ ಮಲಗುವ ಕೋಣೆಗೆ ಮಾತ್ರ ಬಡಿಯುವ ಫ್ಯಾನಿನ ಸದ್ದಿಗೆ ಸಿವಿಲ್ ಕೋರ್ಟೇ ದಾರಿ. ಓಣಿಯ ದಾರಿ, ಹಲವು ಮನೆ, ಶಾಲೆಗೆ ಹೋಗುವ ಮಕ್ಕಳು ಸೇರಿದ್ದರೆ 152.

ವರ್ಷದಲ್ಲಿ ಎರಡು ತಾರೀಖು ಗೋಡೆಗೆ ಬರೆದಿಡಿ. ಪಾಲಿಕೆಯ ಉದ್ದಿಮೆ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅಬಕಾರಿ ವರ್ಷ ಜೂನ್ 30ಕ್ಕೆ. ಫೆಬ್ರುವರಿಯಲ್ಲಿ ಪಾಲಿಕೆಗೆ, ಮೇ ತಿಂಗಳಲ್ಲಿ ಅಬಕಾರಿಗೆ ಆಕ್ಷೇಪಣೆ ತಲುಪಿದರೆ ನವೀಕರಣದ ಕಡತದೊಳಗೆ ಕೂರುತ್ತದೆ. ಜುಲೈಯಲ್ಲಿ ಕೊಟ್ಟರೆ ಇನ್ನೊಂದು ವರ್ಷ ಕಾಯಬೇಕು. ಶರಣಬಸವೇಶ್ವರ ಜಾತ್ರೆ, ಹೋಳಿ, ಗಣೇಶ ವಿಸರ್ಜನೆಯ ದಿನಗಳಿಗೆ ಅಬಕಾರಿ ಕಾಯ್ದೆಯ 21ನೇ ಕಲಮಿನಡಿ ಅಂಗಡಿ ಮುಚ್ಚಿಸಲು ಅವಕಾಶವಿದೆ. ಅದನ್ನು ಕೇಳುವುದಿದ್ದರೆ ವಾರಗಳ ಮುಂಚೆ ಕೇಳಬೇಕು. ಲೈಸೆನ್ಸ್ ಬೇರೆಯವರ ಹೆಸರಿಗೆ ವರ್ಗವಾದರೆ ಅಥವಾ ಅಂಗಡಿ ಪಕ್ಕದ ಕಟ್ಟಡಕ್ಕೆ ಸರಿದರೆ ಹೊಸಬರು ಹಳೆ ಮಹಜರು ಕಂಡೇ ಇಲ್ಲ ಎನ್ನುತ್ತಾರೆ. ಅದರ ದೃಢೀಕೃತ ಪ್ರತಿಯನ್ನು ಹೊಸ ಅರ್ಜಿಗೆ ಲಗತ್ತಿಸಿ, 100 ಮೀಟರನ್ನು ಹೊಸ ಬಾಗಿಲಿಂದ ಮತ್ತೆ ಅಳೆಯಿರಿ.